ಪ್ಲೇಟಿನಲ್ಲಿ ಉಳಿದ ದನಿ

ಬೇಸಿಗೆ ರಜೆ ಬಂತೆಂದರೆ ಗಿಲ್ಲೆಸುಗೂರಿನಿಂದ ಬಸ್ಸು ಹತ್ತಿ ರಾಯಚೂರಿನ ಸೋದರಮಾವನ ಮನೆಗೆ ಹೋಗುವುದು ನಮಗೆ ಹಬ್ಬ. ಮಾವ ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು. ಕೈಯಲ್ಲಿ ಕಾಸು ಉಳಿಯುವ ನೌಕರಿಯಲ್ಲ. ಆದರೂ ಅವರ ಮನೆಯ ಪಡಸಾಲೆಯಲ್ಲಿ ಒಂದು ಗ್ರಾಮಫೋನು ಇತ್ತು. ಪಕ್ಕದ ಟ್ರಂಕಿನಲ್ಲಿ ಹಳೆಯ ಧೋತರದ ತುಂಡುಗಳಲ್ಲಿ ಸುತ್ತಿಟ್ಟ ನಾಯಿ ಮಾರ್ಕಿನ ಪ್ಲೇಟುಗಳು. ಮಕ್ಕಳು ಯಾರೂ ಮುಟ್ಟಬಾರದು. ರಾತ್ರಿ ಊಟವಾದ ಮೇಲೆ ಮಾವನೇ ಕೀಲಿ ತಿರುಗಿಸಿ, ಹೊಸ ಪಿನ್ನು ಸಿಕ್ಕಿಸಿ, ಉಸಿರು ಬಿಗಿಹಿಡಿದು ಪ್ಲೇಟಿನ ಮೇಲೆ ಇಳಿಸುತ್ತಿದ್ದರು. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು. ಆಮೇಲೆ ಎಲ್ಲಿಂದಲೋ ಒಬ್ಬ ಹೆಣ್ಣುಮಗಳ ದನಿ.

ಇದು 1979–80ರ ಸುಮಾರಿನ ಮಾತು. ಓಣಿಯ ಮನೆಗಳಲ್ಲಿ ರೇಡಿಯೋ ಬಂದು ಹಳೆಯದಾಗಿತ್ತು. ಗ್ರಾಮಫೋನನ್ನು ನೋಡಿ ನಗುವವರೇ ಹೆಚ್ಚು. ಆದರೆ ನಮ್ಮವ್ವ ನಗುತ್ತಿರಲಿಲ್ಲ. ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು, ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ಕೇಳುತ್ತಿದ್ದಳು. ಹಾಡು ಮುಗಿದರೂ ಏಳುತ್ತಿರಲಿಲ್ಲ. "ಇನ್ನೊಮ್ಮೆ ಹಚ್ಚಣ್ಣ" ಎನ್ನುತ್ತಿದ್ದಳು. ತವರಿನಲ್ಲಿ ಹೆಣ್ಣುಮಗಳು ಬಾಯಿಬಿಟ್ಟು ಕೇಳುವುದು ಸೀರೆಯನ್ನೋ ಬೆಳ್ಳಿಯನ್ನೋ. ನಮ್ಮವ್ವ ಕೇಳುತ್ತಿದ್ದದ್ದು ಇದೊಂದನ್ನೇ.

ಅವ್ವನಿಗೂ ದನಿ ಇತ್ತು. ಊರಲ್ಲಿ ಬೀಸುವಾಗ, ತೊಟ್ಟಿಲು ತೂಗುವಾಗ ಹಾಡುತ್ತಿದ್ದಳಂತೆ. "ಅಂತೆ" ಎನ್ನುವುದಕ್ಕೆ ಕಾರಣವಿದೆ. ನನಗೆ ತಿಳುವಳಿಕೆ ಬರುವಷ್ಟರಲ್ಲಿ ಅವಳು ಹಾಡುವುದನ್ನು ಬಿಟ್ಟಿದ್ದಳು. ಒಮ್ಮೆ ಭಜನೆಯ ಮಂದಿ ಬಂದು "ನಿಮ್ಮ ಸೊಸಿನ್ನ ಕಳಸ್ರಿ, ಚಲೋ ಹಾಡ್ತಾಳ" ಎಂದು ಕೇಳಿದಾಗ ಅಜ್ಜಿ ಹೇಳಿದ ಮಾತು ಇಷ್ಟೇ: "ಮಂದ್ಯಾಗ ಹಾಡೋದು ಬಾಯಿಗಳ ಕೆಲಸ. ನಮ್ಮನಿ ಸೊಸಿದಲ್ಲ." ಅಜ್ಜಿ ಕೆಟ್ಟವಳಲ್ಲ. ಆ ಕಾಲದ ಮಾತು ಅವಳ ಬಾಯಲ್ಲಿ ಬಂತು. ಆದರೆ ಆ ಮಾತು ಅವ್ವನ ಗಂಟಲಲ್ಲಿ ಹೋಗಿ ಕುಳಿತಿತು.

ಆ "ಬಾಯಿ" ಯಾರು? ಮಾವನ ಪ್ಲೇಟುಗಳ ಮೇಲಿನ ಚೀಟಿ ಓದುವಷ್ಟು ದೊಡ್ಡವಳಾದಾಗ ನೋಡಿದೆ. ಅಮೀರ್‌ಬಾಯಿ, ಗಂಗೂಬಾಯಿ, ಹೀರಾಬಾಯಿ. ಅಜ್ಜಿ ಹೀನಾಯವಾಗಿ ಆಡಿದ ಮಾತು ಇಲ್ಲಿ ಬಂಗಾರದ ಅಕ್ಷರದಲ್ಲಿ ಅಚ್ಚಾಗಿತ್ತು. ಅಂದಿನಿಂದ ಈ ಹೆಣ್ಣುಮಕ್ಕಳ ಕತೆ ಸಿಕ್ಕಲ್ಲೆಲ್ಲ ಓದುತ್ತ ಬಂದಿದ್ದೇನೆ. ನಾನು ಸಂಗೀತ ಕಲಿತವಳಲ್ಲ, ಇತಿಹಾಸ ಪಾಠ ಹೇಳುವವಳು. ಆ ಕಣ್ಣಿನಿಂದಲೇ ನೋಡಿದ್ದು.

ನಮ್ಮ ದೇಶದಲ್ಲಿ ಗ್ರಾಮಫೋನ್ ಕಂಪನಿಯವರು ದನಿ ಹಿಡಿಯಲು ಬಂದದ್ದು 1902ರಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬವನು ಯಂತ್ರಗಳನ್ನು ಹೊತ್ತು ಕಲ್ಕತ್ತೆಗೆ ಬಂದ. ಅವನ ಮುಂದೆ ಮೊದಲು ಹಾಡಿದವರು ಹೆಣ್ಣುಮಕ್ಕಳೇ. ಅದೇ ನವೆಂಬರಿನಲ್ಲಿ ಗೌಹರ್ ಜಾನ್ ಹಾಡಿದರು. ದೊಡ್ಡ ದೊಡ್ಡ ಉಸ್ತಾದರು ಹಿಂಜರಿದರು. ತಾಸುಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷದಲ್ಲಿ ಮುಗಿಸುವುದೆಂದರೇನು? ಯಂತ್ರ ದನಿಯನ್ನೇ ಕಸಿದುಕೊಂಡರೆ? ಮನೆತನಸ್ಥ ಹೆಂಗಸರು ಬರುವ ಮಾತೇ ಇಲ್ಲ. ಉಳಿದವರು ಹಾಡಿಯೇ ಹೊಟ್ಟೆ ಹೊರೆಯುವ ಹೆಣ್ಣುಮಕ್ಕಳು. ಕಳೆದುಕೊಳ್ಳಲು ಮಾನವಿಲ್ಲವೆಂದು ಸಮಾಜ ಯಾರನ್ನು ಆಚೆ ಇಟ್ಟಿತ್ತೋ ಅವರ ದನಿಯೇ ಮೊದಲು ಉಳಿಯಿತು.

ಆಗ ಮೈಕು ಇರಲಿಲ್ಲ. ಒಂದು ದೊಡ್ಡ ತುತ್ತೂರಿಯಂಥ ಕೊಳವೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ತಲೆ ಅಲ್ಲಾಡಿಸುವಂತಿಲ್ಲ, ಕೈ ಬೀಸುವಂತಿಲ್ಲ. ಮೇಣದ ಮೇಲೆ ಗೀರಿದ ಆ ದನಿ ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅರಗಿನ ಪ್ಲೇಟಾಗಿ ತಿರುಗಿ ಬರಬೇಕು. ಕಲ್ಕತ್ತೆಯಲ್ಲೇ ಪ್ಲೇಟು ಅಚ್ಚು ಹಾಕುವ ಕಾರ್ಖಾನೆ ಆದದ್ದು 1908ರಲ್ಲಿ. ದೂರದ ಕೆಲಸಗಾರರಿಗೆ ಯಾವುದು ಯಾರ ಹಾಡೆಂದು ತಿಳಿಯಲಿ ಎಂದು ಹಾಡಿನ ಕೊನೆಗೆ ಹೆಸರು ಹೇಳುವ ಪದ್ಧತಿ ಇತ್ತು. ಗೌಹರ್ ಜಾನ್ ಹಾಡು ಮುಗಿಸಿ, ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದನ್ನು ಇಂದಿಗೂ ಕೇಳಬಹುದು. ಎಷ್ಟು ಠೀವಿ ಆ ದನಿಯಲ್ಲಿ! ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿದ ಆ ಹೆಣ್ಣುಮಗಳು ಕೊನೆಗೆ ಬಂದದ್ದು ನಮ್ಮ ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿದರು. 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ನಮ್ಮ ಬಿಜಾಪುರದ ಕಡೆಯ ಬೀಳಗಿಯಿಂದ ಹೊರಟ ಅಮೀರ್‌ಬಾಯಿಯ ಕತೆ ಇನ್ನೊಂದು. ಮುಂಬಯಿಗೆ ಹೋಗಿ ಹಾಡಿ, ನಟಿಸಿ, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ಇಡೀ ದೇಶಕ್ಕೆ ಗೊತ್ತಾದರು. ದೂರದ ಊರಲ್ಲಿ ಹೆಸರು ಮಾಡಿದರೂ ಹೆಸರಿನ ಜೊತೆ "ಕರ್ನಾಟಕಿ" ಎಂದು ಸೇರಿಸಿಕೊಂಡೇ ಇದ್ದರು. 1965ರಲ್ಲಿ ತೀರಿಕೊಂಡ ಈ ಹೆಣ್ಣುಮಗಳನ್ನು ಕನ್ನಡಿಗರು ಬೇಗ ಮರೆತೆವು. ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆ ಬರೆದ ಮೇಲೆಯೇ ನಮ್ಮಂಥವರಿಗೆ ಮತ್ತೆ ನೆನಪಾದದ್ದು.

ಆದರೆ ಅವ್ವ ಮತ್ತೆ ಮತ್ತೆ ಹಚ್ಚಿಸುತ್ತಿದ್ದ ಪ್ಲೇಟು ಗಂಗೂಬಾಯಿ ಹಾನಗಲ್ಲರದು. ಅವರ ಬದುಕಿನ ಕತೆ ಓದಿದಾಗ ನನ್ನ ಮನಸ್ಸು ನಿಂತದ್ದು ಅವರ ತಾಯಿಯ ಮೇಲೆ. ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಧಾರವಾಡದ ಅವರ ಮನೆಗೆ ಅಬ್ದುಲ್ ಕರೀಂಖಾನರಂಥವರೇ ಬಂದು ಕುಳಿತು ಕೇಳುತ್ತಿದ್ದರು. ಮಗಳ ಒಲವು ಹಿಂದುಸ್ತಾನಿ ಸಂಗೀತದ ಕಡೆಗೆ ಎಂದು ತಿಳಿದಾಗ, ಎರಡೂ ಪದ್ಧತಿ ಕಿವಿಯಲ್ಲಿ ಕಲಸಿ ಮಗಳ ಕಲಿಕೆ ಕೆಡದಿರಲೆಂದು ಆ ತಾಯಿ ತಾವೇ ಹಾಡುವುದನ್ನು ಬಿಟ್ಟುಬಿಟ್ಟರು. 1932ರಲ್ಲಿ ಅವರು ತೀರಿಕೊಂಡರು. ಅವರ ದನಿ ನನ್ನ ಕಿವಿಗೆ ಬಿದ್ದಿಲ್ಲ. ಮಗಳ ದನಿ ಕೇಳುವಾಗಲೆಲ್ಲ ಅದರ ಹಿಂದೆ ಸುಮ್ಮನಾದ ಇನ್ನೊಂದು ದನಿ ಇದೆ ಎಂದು ನೆನಪಾಗುತ್ತದೆ.

ಧಾರವಾಡದ ಆ ಓಣಿಯಲ್ಲಿ ಹುಡುಗಿ ಗಂಗೂ ಅನುಭವಿಸಿದ್ದು ಏನು ಕಡಿಮೆಯೇ? ನೆರೆಯ ಮೇಲ್ಜಾತಿಯವರ ತೋಟದಲ್ಲಿ ಮಾವಿನಕಾಯಿ ಕದ್ದಾಗ ಯಜಮಾನನಿಗೆ ಸಿಟ್ಟು ಬಂದದ್ದು ಕಳ್ಳತನಕ್ಕಲ್ಲ. ಹಾಡುವವರ ಮನೆಯ ಹುಡುಗಿ ತಮ್ಮ ಹಿತ್ತಲಿಗೆ ಕಾಲಿಟ್ಟಳಲ್ಲಾ ಎಂದು. ಅದೇ ಮನೆಯವರು ಮುಂದೆ ಅವರನ್ನು ಊಟಕ್ಕೆ ಕರೆದದ್ದನ್ನು ಅವರು ನಗುತ್ತಲೇ ಹೇಳುತ್ತಿದ್ದರು. 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರು. ಹನ್ನೊಂದು ವರ್ಷದ ಗಂಗೂ ಸ್ವಾಗತಗೀತೆ ಹಾಡುವ ಹುಡುಗಿಯರಲ್ಲಿ ಒಬ್ಬಳು. ಊಟವಾದ ಮೇಲೆ ತನಗೆ ಎಲೆ ಎತ್ತಲು ಹೇಳುತ್ತಾರೋ ಎಂಬ ಅಂಜಿಕೆ ಆ ದಿನ ತನ್ನನ್ನು ಕಾಡಿತ್ತೆಂದು ಅವರು ನೆನೆದಿದ್ದಾರೆ. ಹನ್ನೊಂದು ವರ್ಷದ ಮಕ್ಕಳಿಗೆ ನಾನು ದಿನಾ ಪಾಠ ಹೇಳುತ್ತೇನೆ. ಬೆಳಗಾವಿ ಅಧಿವೇಶನದ ಪಾಠ ಬಂದಾಗಲೆಲ್ಲ ನನಗೆ ಕಣ್ಮುಂದೆ ಬರುವುದು ಈ ಹುಡುಗಿಯೇ.

1930ರ ದಶಕದ ಮೊದಲ ವರ್ಷಗಳಲ್ಲಿ ಅವರ ಪ್ಲೇಟುಗಳು ಬಂದವು. ಹುಟ್ಟುಹೆಸರು ಗಾಂಧಾರಿ. ಅದರ ಜೊತೆ ಹುಬ್ಬಳ್ಳಿಯ ಹೆಸರು ಸೇರಿಸಿ ಅಚ್ಚು ಹಾಕಿದ್ದರು. ಆ ದನಿ ತೆಳು, ಎತ್ತರ, ಎಳೆಯ ಬಳ್ಳಿಯಂಥದ್ದು. ಮುಂದೆ ಗಂಟಲಿನ ತೊಂದರೆಯಾಗಿ ಚಿಕಿತ್ಸೆಯಾದ ಮೇಲೆ ದನಿ ಇಳಿದು ಭಾರವಾಯಿತು. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರು. ಇವರು ಆ ಭಾರವಾದ ದನಿಯನ್ನೇ ತಮ್ಮ ಗುರುತು ಮಾಡಿಕೊಂಡರು. ಕಿರಾಣಾ ಘರಾಣೆಯ ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಕತ್ತಲಾದಾಗ ಅವರನ್ನು ಸ್ಟೇಷನ್ನಿನವರೆಗೆ ಬಿಟ್ಟುಬರುತ್ತಿದ್ದ ಗುರುಮನೆಯ ಹುಡುಗ ಮುಂದೆ ಭೀಮಸೇನ ಜೋಶಿ ಎಂದು ಹೆಸರಾದ. ಪ್ರಾಥಮಿಕ ಶಾಲೆ ದಾಟದ ಈ ಹೆಣ್ಣುಮಗಳನ್ನು ವಿಶ್ವವಿದ್ಯಾಲಯಗಳು ಕರೆದು ಗೌರವ ಡಾಕ್ಟರೇಟ್ ಕೊಟ್ಟವು. 2002ರಲ್ಲಿ ಪದ್ಮವಿಭೂಷಣ ಬಂತು. 2009ರ ಜುಲೈಯಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಹೋಗುವಾಗ ಕಣ್ಣುಗಳನ್ನೂ ದಾನ ಮಾಡಿಹೋದರು.

ಇದೆಲ್ಲ ನಮ್ಮ ದೇಶದ ಕತೆ ಎಂದುಕೊಂಡಿದ್ದೆ. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗ ದೀಪಾವಳಿಗೆ ಬಂದಾಗ "ಅವ್ವಾ, ಇದನ್ನೊಂದು ಕೇಳು" ಎಂದು ಮೊಬೈಲ್ ಕಿವಿಗೆ ಹಿಡಿದ. ಅದೇ ಸಾಸಿವೆ ಸಿಡಿಯುವ ಸದ್ದು. ಅದರೊಳಗಿಂದ ತುಂಬಿದ ಕೊಡದಂಥ ದನಿ. ಬೆಸ್ಸಿ ಸ್ಮಿತ್ ಅಂತ ಅಮೆರಿಕದ ಕರಿಯ ಹೆಣ್ಣುಮಗಳು. ಹಾಡಿನ ಜಾತಿಗೆ ಬ್ಲೂಸ್ ಎಂದು ಹೆಸರಂತೆ. ಗುಲಾಮರಾಗಿ ದುಡಿದವರ ಮಕ್ಕಳು ಮೊಮ್ಮಕ್ಕಳು ತಮ್ಮ ಸಂಕಟ, ಪ್ರೀತಿ, ಹಸಿವು, ಮೋಸ ಹೋದದ್ದು ಎಲ್ಲವನ್ನೂ ಹಾಡಿಕೊಂಡ ಹಾಡು. ಅಲ್ಲಿಯೂ ಆ ಹಾಡನ್ನು ಪ್ಲೇಟಿಗೆ ಮೊದಲು ಹಾಡಿದ ಕರಿಯರು ಹೆಣ್ಣುಮಕ್ಕಳೇ. 1920ರಲ್ಲಿ ಮೇಮಿ ಸ್ಮಿತ್, 1923ರಲ್ಲಿ ಬೆಸ್ಸಿ ಸ್ಮಿತ್ ಮತ್ತು ಮಾ ರೇನಿ. ಗಿಟಾರು ಹಿಡಿದ ಗಂಡಸರು ಹೆಸರಾದದ್ದು ಆಮೇಲೆ. ಅವರ ಪ್ಲೇಟುಗಳನ್ನು ಕಂಪನಿಗಳು ಬೇರೆ ಪಟ್ಟಿಯಲ್ಲಿಟ್ಟು ಕರಿಯರಿಗೆಂದೇ ಮಾರಿದವು. 1937ರಲ್ಲಿ ಮೋಟಾರು ಅಪಘಾತದಲ್ಲಿ ಬೆಸ್ಸಿ ಸತ್ತಾಗ ಸಾವಿರಾರು ಜನ ಸೇರಿದರು. ಆದರೂ ಸಮಾಧಿಗೆ ಹೆಸರಿನ ಒಂದು ಕಲ್ಲು ಬೀಳಲು 1970 ಬರಬೇಕಾಯಿತು. ಅದರ ಖರ್ಚು ಕೊಟ್ಟವರೂ ಇಬ್ಬರು ಹೆಣ್ಣುಮಕ್ಕಳು. ಒಬ್ಬರು ಗಾಯಕಿ ಜಾನಿಸ್ ಜಾಪ್ಲಿನ್. ಇನ್ನೊಬ್ಬರು ಎಳವೆಯಲ್ಲಿ ಬೆಸ್ಸಿಯ ಮನೆಯಲ್ಲಿ ಕೆಲಸ ಮಾಡಿದ್ದ ಹುವಾನಿಟಾ ಗ್ರೀನ್.

ಅಲ್ಲಿನ ಬಣ್ಣದ ಕತೆಯೂ ಇಲ್ಲಿನ ಜಾತಿಯ ಕತೆಯೂ ಒಂದೇ ಎಂದು ನಾನು ಹೇಳಲಾರೆ. ರಾಗವೂ ಬೇರೆ, ನೋವೂ ಬೇರೆ. ಆದರೆ ಎರಡೂ ಕಡೆ ಜನ ಹಾಡನ್ನು ಮನೆಯೊಳಗೆ ಬಿಟ್ಟುಕೊಂಡರು, ಹಾಡಿದವಳನ್ನು ಅಂಗಳದಲ್ಲೇ ನಿಲ್ಲಿಸಿದರು. ನಮ್ಮ ಅಜ್ಜಿ ಸಹ ಬಾಗಿಲ ಮರೆಯಲ್ಲಿ ನಿಂತು ಮಾವನ ಪ್ಲೇಟು ಕೇಳಿದ್ದನ್ನು ನಾನೇ ಕಂಡಿದ್ದೇನೆ.

ರಾಯಚೂರಿನಲ್ಲಿ ನಮ್ಮ ಜಿಲ್ಲೆಯ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವಿದೆ. ವಚನಗಳನ್ನು ಮನೆಮನೆಗೆ ಮುಟ್ಟಿಸಿದ ಆ ದೊಡ್ಡ ಗಾಯಕರಿಗೆ ಅದು ಸಲ್ಲಬೇಕಾದ ಗೌರವವೇ. ಆ ಮುಂದೆ ಹಾಯುವಾಗ ಹೆಮ್ಮೆಯಾಗುತ್ತದೆ. ಹಾಗೆಯೇ, ನಮ್ಮ ಊರುಗಳಲ್ಲಿ ಬೀಸುಕಲ್ಲಿನ ಮುಂದೆಯೇ ಮುಗಿದುಹೋದ ದನಿಗಳೆಷ್ಟೋ ಎಂದೂ ಅನಿಸುತ್ತದೆ.

ಹೋದ ವರ್ಷ ನಮ್ಮ ಶಾಲೆಯ ಹುಡುಗಿಯೊಬ್ಬಳನ್ನು ವಾರ್ಷಿಕೋತ್ಸವದ ಹಾಡಿಗೆ ಆರಿಸಿದ್ದೆ. ಅವಳ ತಂದೆ ಬಂದು "ಸ್ಟೇಜಿನ ಮ್ಯಾಲ ಹಾಡೋದು ಬ್ಯಾಡ್ರಿ ಟೀಚರ್, ನಾಳೆ ಲಗ್ನದ ಮಾತು ಬರ್ತಾವ" ಎಂದರು. ಎಷ್ಟು ಹೇಳಿದರೂ ಒಪ್ಪಲಿಲ್ಲ. ಅಜ್ಜಿಯ ಮಾತೇ ಹೊಸ ಅಂಗಿ ತೊಟ್ಟು ಬಂದು ನಿಂತಂತಿತ್ತು. ಆ ಸಂಜೆ ಮನೆಗೆ ಬಂದವಳೇ ಎಂಬತ್ತು ದಾಟಿದ ಅವ್ವನ ಮುಂದೆ ಕುಳಿತೆ. ಮೊಬೈಲಿನಲ್ಲಿ ಗಂಗೂಬಾಯಿಯವರನ್ನು ಹಚ್ಚಿದೆ. ಮುಗಿದ ಮೇಲೆ "ಈಗ ನೀ ಹಾಡಬೇ" ಎಂದೆ. "ನನಗೇನ್ ಬರ್ತದ, ಹಲ್ಲಿಲ್ಲ ಏನಿಲ್ಲ" ಎಂದಳು. ನಾನು ಏಳಲಿಲ್ಲ. ಬಹಳ ಹೊತ್ತಿನ ಮೇಲೆ, ಬಾಗಿಲ ಕಡೆ ಒಮ್ಮೆ ನೋಡಿ, ಬೀಸುವ ಹಾಡೊಂದನ್ನು ಎತ್ತಿಕೊಂಡಳು. ಅಜ್ಜಿ ಹೋಗಿ ಮೂವತ್ತು ವರ್ಷವಾಗಿದೆ. ಆದರೂ ಅವ್ವ ಬಾಗಿಲ ಕಡೆ ನೋಡಿದಳು. ಮೂರನೆಯ ನುಡಿ ಮರೆತು ನಿಲ್ಲಿಸಿದಳು. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು.

ಹಾಡನ್ನು ಮೊಬೈಲಿನಲ್ಲಿ ಉಳಿಸಿಡುವಾಗ ಅದಕ್ಕೊಂದು ಹೆಸರು ಕೊಡಬೇಕಲ್ಲ. "ಯಾವ ಹೆಸರು ಹಾಕ್ಲಿ?" ಎಂದೆ. "ಹೆಸರ್ಯಾಕ? ನಿನಗ ಗೊತ್ತದಲ್ಲ, ಸಾಕು" ಎಂದಳು. ನಾನು ಅವಳ ಪೂರ್ತಿ ಹೆಸರು ಬರೆದೆ. ಮರುದಿನ ಬಿಡುವಿನ ವೇಳೆಯಲ್ಲಿ ಆ ಹುಡುಗಿಗೆ ಕೇಳಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ "ಟೀಚರ್, ಮೂರನೇ ನುಡಿ ನಮ್ಮಮ್ಮಗ ಬರ್ತದ" ಎಂದಳು.