ಟಾಕೀಸ್ ಮೆಟ್ಟಿಲು ಹತ್ತದ ಸಿನಿಮಾ

ಪ್ರಶಸ್ತಿ ಚಿತ್ರಗಳನ್ನು ಜನ ಮನೆಯಲ್ಲೇ ನೋಡತೊಡಗಿದ್ದರಿಂದ ಚಿತ್ರಮಂದಿರ ಬಡವಾಯಿತು ಎಂಬ ಕೊರಗು ಬೆಂಗಳೂರಿಗೆ ಒಪ್ಪೀತು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗೆ ಒಪ್ಪದು. ಈ ತಾಲ್ಲೂಕುಗಳಲ್ಲಿ ಅಂಥ ಸಿನಿಮಾಕ್ಕೆ ಟಾಕೀಸ್‌ನಲ್ಲಿ ನೆಲೆ ಸಿಕ್ಕಿದ್ದೇ ಕಡಿಮೆ. 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’ ಮೂರೂ ರಾಷ್ಟ್ರದ ಅತ್ಯುತ್ತಮ ಚಿತ್ರವೆನಿಸಿದವು. ಆದರೆ ಪ್ರಶಸ್ತಿ ಬಂದ ಮಾತ್ರಕ್ಕೆ ರೀಲ್ ಡಬ್ಬಿ ಬಸ್ಸು ಹತ್ತುವುದಿಲ್ಲ. ಕಡಿಮೆ ಬಂಡವಾಳದ ಚಿತ್ರಕ್ಕೆ ಹಾಕಿಸುತ್ತಿದ್ದ ಪ್ರಿಂಟುಗಳೇ ಬೆರಳೆಣಿಕೆ. ಒಂದೇ ಪರದೆಯ ತಾಲ್ಲೂಕು ಟಾಕೀಸ್ ನಡೆಸುವವರು ವಾರದ ಗಲ್ಲಾ ನೋಡಲೇಬೇಕು. ಸಾಲದ್ದಕ್ಕೆ ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದಿಗೆ ಸೇರಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಮೇಲೂ ಹಂಚಿಕೆದಾರರ ಲೆಕ್ಕದಲ್ಲಿ ಬಹುಕಾಲ ಇದು ‘ನಿಜಾಮ್’ ಏರಿಯಾ. ಹಿಂದಿ, ತೆಲುಗಿನ ಜೊತೆಗೆ ಗಡಿಯಾಚೆಯ ಮರಾಠಿಯೂ ಪೈಪೋಟಿಗಿದ್ದ ಕಡೆ ರಾಜಕುಮಾರ್ ಚಿತ್ರ ಗೆದ್ದು ನಿಂತೀತು. ‘ಘಟಶ್ರಾದ್ಧ’ದ ನಿರ್ದೇಶಕ ಗಿರೀಶ ಕಾಸರವಳ್ಳಿಯವರ ಚಿತ್ರದ ಮೇಲೆ ಹಣ ಹೂಡುವವರು ಯಾರು?

ಟಿವಿಯ ಚರಿತ್ರೆ ಇಲ್ಲಿ ಬೇರೆಯೇ ಇದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿದರು. ಕರ್ನಾಟಕದ ಪಾಲಿಗೆ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳು ಬಂದವು. ಅಮೆರಿಕದ ಎಟಿಎಸ್-6 ಉಪಗ್ರಹದ ಸಂಕೇತ ಹಿಡಿಯಲು ಕೋಳಿಗೂಡಿಗೆ ಬಡಿಯುವಂಥ ತಂತಿಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಛತ್ರಿ. ಅದಕ್ಕೆ ಊರಿಗೊಂದು ಟಿವಿ. ಸಂಜೆಯಾದರೆ ಅದರ ಮುಂದೆ ನೆಲದ ಮೇಲೆ ಕೂತ ಜನ. 1977ರಲ್ಲಿ ಕಲಬುರಗಿಯಲ್ಲಿ ದೂರದರ್ಶನ ಕೇಂದ್ರವೇ ಶುರುವಾಯಿತು. ಬೆಂಗಳೂರು ಅದಕ್ಕಾಗಿ 1981ರವರೆಗೆ ಕಾಯಬೇಕಾಯಿತು. ಸೈಟ್ ತೋರಿಸಿದ್ದು ಬೇಸಾಯ, ಆರೋಗ್ಯ, ಶಾಲಾ ಪಾಠವೇ ಹೊರತು ಸಿನಿಮಾ ಅಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ತಾರೆಯರಿಲ್ಲದ, ಹೊಡೆದಾಟವಿಲ್ಲದ ದೃಶ್ಯವನ್ನೂ ಕೂತು ನೋಡಬಹುದೆಂಬುದನ್ನು ಈ ಜಿಲ್ಲೆಯ ಹಳ್ಳಿಗಳು ಕಂಡುಕೊಂಡಿದ್ದು ಆ ಪೆಟ್ಟಿಗೆಯ ಮುಂದೆ. 1980ರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ದೇಶದ ಬೇರೆ ಬೇರೆ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ಇಂಗ್ಲಿಷ್ ಅಡಿಬರಹದೊಂದಿಗೆ ತೋರಿಸತೊಡಗಿತು. ಟಾಕೀಸ್‌ಗೆ ಎಂದೂ ಬರಲಾರದಿದ್ದ ಬಂಗಾಳಿ, ಮಲಯಾಳಂ ಚಿತ್ರಗಳು ಹಾಗೆ ಟಿವಿ ಇದ್ದವರ ಪಡಸಾಲೆಗೆ ಬಂದವು.

ದೊಡ್ಡ ಪರದೆಗೆಂದು ತೆಗೆದ ಚಿತ್ರ ಸಣ್ಣ ಪೆಟ್ಟಿಗೆಯಲ್ಲಿ ಸೊರಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಆಯ್ಕೆ ಇದ್ದದ್ದು ದೊಡ್ಡ ಪರದೆಗೂ ಸಣ್ಣ ಪರದೆಗೂ ನಡುವೆ ಅಲ್ಲ, ನೋಡುವುದಕ್ಕೂ ನೋಡದಿರುವುದಕ್ಕೂ ನಡುವೆ. ಇಂದಿಗೂ ಹಾಗೆಯೇ. ‘ತಿಥಿ’, ‘ನಾತಿಚರಾಮಿ’ಗಳನ್ನು ಅನೇಕರಿಗೆ ತಲುಪಿಸಿದ್ದು ನೆಟ್‌ಫ್ಲಿಕ್ಸ್. 2024ರ ಕಾನ್ ಉತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳ ಮೊದಲ ಬಹುಮಾನ ಪಡೆದ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರದ ಅವಧಿ ಕಾಲು ಗಂಟೆಯ ಆಸುಪಾಸು. ಅಷ್ಟಕ್ಕೆ ಯಾವ ಟಾಕೀಸೂ ಒಂದು ಆಟ ಇಡುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಊರಿನ ಟಿವಿಗೆ ಟಿಕೆಟ್ ಇರಲಿಲ್ಲ. ಒಟಿಟಿಗೆ ಚಂದಾ ಬೇಕು, ಡೇಟಾ ಬೇಕು, ಮನೆಯಲ್ಲಿ ಇರುವ ಒಂದು ಮೊಬೈಲು ಯಾರ ಕೈಯಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಈ ತಾಲ್ಲೂಕುಗಳು ನಿಜವಾಗಿ ಕಳೆದುಕೊಂಡದ್ದು ಎಲ್ಲರಿಗೂ ಸೇರಿದ ಆ ಪರದೆಯನ್ನು. 2025ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಕನ್ನಡ ಚಿತ್ರಗಳಿಗಾಗಿ ತನ್ನದೇ ಒಟಿಟಿ ವೇದಿಕೆ ಘೋಷಿಸಿತು. ಜನರ ತೆರಿಗೆಯಿಂದ ಸಹಾಯಧನ, ಪ್ರಶಸ್ತಿ ಪಡೆದ ಚಿತ್ರಗಳೆಲ್ಲ ಅದರಲ್ಲಿ ಉಚಿತವಾಗಿ ಸಿಗಬೇಕು. ಆಳಂದ, ಅಫಜಲಪುರ, ಜೇವರ್ಗಿಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ ತಿಂಗಳಿಗೊಮ್ಮೆಯಾದರೂ ಅವುಗಳ ಪ್ರದರ್ಶನ ನಡೆಯಬೇಕು.