ಹೊನ್ನು: ಮರ, ಹೊಳೆ, ಹೆಸರು

ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಕನ್ನಡದಲ್ಲಿ ಹೊನ್ನು ಲೋಹವಷ್ಟೇ ಅಲ್ಲ. ಕಾಡಿನ ಹೊನ್ನೆ ಮರ ಹಳದಿ ಹೂ ಬಿಡುತ್ತದೆ. ತೊಗಟೆ ಕಡಿದರೆ ನೆತ್ತರಿನಂಥ ಕೆಂಪು ಅಂಟು ಒಸರುತ್ತದೆ. ಅದರ ತಿರುಳಿನಲ್ಲಿ ಕಡೆದ ಲೋಟದಲ್ಲಿ ರಾತ್ರಿಯಿಡೀ ಇಟ್ಟ ನೀರನ್ನು ಸಕ್ಕರೆ ಕಾಯಿಲೆಯವರು ಕುಡಿಯುವ ರೂಢಿಯಿದೆ. ತಮಿಳಿನಲ್ಲಿ ಇದೇ ಮರ ವೇಂಗೈ. ಆ ಪದಕ್ಕೆ ಹುಲಿಯೆಂಬ ಅರ್ಥವೂ ಉಂಟು. ವಳ್ಳಿಯನ್ನು ಒಲಿಸಲು ಬಂದ ಮುರುಗ, ಅವಳ ತಂದೆ ಎದುರಾದಾಗ ವೇಂಗೈ ಮರವಾಗಿ ನಿಂತನೆಂಬುದು ಪುರಾಣ.

ಇದೇ ಬೆಟ್ಟಸಾಲಿನ ನೀರು ಹೊತ್ತ ಸುವರ್ಣಾವತಿಗೆ ಜನರಿಟ್ಟ ಹೆಸರು ಹೊನ್ನುಹೊಳೆ. ಅದು ಯಳಂದೂರು ದಾಟಿ ಕೊಳ್ಳೇಗಾಲದ ಬಳಿ ಕಾವೇರಿ ಸೇರುತ್ತದೆ. ‘ಹದಿಬದೆಯ ಧರ್ಮ’ ಬರೆದ ಸಂಚಿಯ ಹೊನ್ನಮ್ಮ ಆ ಯಳಂದೂರಿನವಳೇ. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಊಳಿಗದಲ್ಲಿದ್ದ ಈ ಕವಯಿತ್ರಿಗಿಂತ ದೊಡ್ಡ ಹೆಮ್ಮೆ ಹೊನ್ನಿನ ಹೆಸರಿಗೆ ಬೇರೆ ಬೇಕಿಲ್ಲ.

ಹಳಗನ್ನಡದ ‘ಪೊನ್’ ಮುಂದೆ ಹೊನ್ನಾಯಿತು, ತಮಿಳಿನಲ್ಲಿ ‘ಪೊನ್’ ಹಾಗೆಯೇ ಉಳಿಯಿತು. ಆದ್ದರಿಂದ ಹೊನ್ನಮ್ಮ, ಪೊನ್ನಮ್ಮಾಳ್ ಒಂದೇ ಬೇರಿನ ಹೆಸರುಗಳು. ಹೊನ್ನಾವರದಂಥ ಊರಹೆಸರು ಕೆಲವರಿಗೆ ಅಡ್ಡಹೆಸರೂ ಆಗಿದೆ. ಎರಡೂ ನುಡಿ ಕೂಡುವ ಈ ಸೀಮೆ ಹಂಚಿಹೋದ 1956ರ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು.