ಉಪನ್ಯಾಸಗಳ ಧ್ವನಿಪಟ್ಟಿ: ಲೋಕಲ್ ಪ್ರಯಾಣದ ಹೊತ್ತನ್ನು ಅಧ್ಯಯನಕ್ಕೆ ಒದಗಿಸಿಕೊಳ್ಳುವ ಬಗೆ

ದುಡಿಯುತ್ತಲೇ ಓದುವುದು ಮುಂಬಯಿ ಕನ್ನಡಿಗರಿಗೆ ಹೊಸ ಸಂಗತಿಯೇನಲ್ಲ. ಕರಾವಳಿಯಿಂದ ಬಂದು ಹಗಲು ಹೊಟೇಲುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿ ಶಾಲೆಗಳ ಬೆಂಚುಗಳ ಮೇಲೆ ಕುಳಿತು ಅಕ್ಷರ ಕಲಿತ ಹಿರಿಯರ ಪೀಳಿಗೆಯೊಂದು ಈ ನಗರದಲ್ಲಿತ್ತು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಬ್ಯಾಂಕು, ವಿಮೆ, ಲೆಕ್ಕಪರಿಶೋಧನೆ ಮುಂತಾದ ಉದ್ಯೋಗಗಳಲ್ಲಿ ನೆಲೆ ಕಂಡಿದ್ದಾರೆ. ಆದರೆ ಓದಿಗೆ ದೊರೆಯುವ ವೇಳೆ ಮಾತ್ರ ಹೆಚ್ಚಲಿಲ್ಲ. ಬೊರಿವಲಿಯಿಂದ ಚರ್ಚ್‌ಗೇಟಿಗೆ ನಿಧಾನಗತಿಯ ಲೋಕಲ್‌ನಲ್ಲಿ ಒಂದು ಗಂಟೆಯನ್ನೂ ಮೀರಿದ ಪ್ರಯಾಣ. ಹೋಗಿ ಬರಲು ದಿನಕ್ಕೆ ಎರಡು ಗಂಟೆ. ಪುಸ್ತಕ ಬಿಚ್ಚಲು ಮೊಣಕೈಯಷ್ಟು ಜಾಗವೂ ಇಲ್ಲದ ಆ ಗರ್ದಿಯಲ್ಲಿ ಬಿಡುವಾಗಿರುವುದು ಕಿವಿಯೊಂದೇ.

ಆ ಕಿವಿಗೆ ಏನನ್ನು, ಯಾವ ಕ್ರಮದಲ್ಲಿ, ಎಷ್ಟು ಸಲ ಒದಗಿಸಬೇಕು ಎಂಬುದೇ ಈ ಲೇಖನದ ವಿಷಯ. ಉಪನ್ಯಾಸಗಳ ಧ್ವನಿಮುದ್ರಿಕೆಗಳನ್ನು ಮೊಬೈಲಿನಲ್ಲಿ ತುಂಬಿಕೊಂಡವರು ಬಹಳ ಮಂದಿ ಇದ್ದಾರೆ. ಅವುಗಳಿಂದ ನಿಜವಾದ ಪ್ರಯೋಜನ ಪಡೆದವರು ವಿರಳ. ಪ್ಲೇಲಿಸ್ಟ್ ಎಂದು ಕರೆಯಲಾಗುವ ಧ್ವನಿಪಟ್ಟಿಯನ್ನು ನಾವು ಹಾಡುಗಳ ಡಬ್ಬಿಯಂತೆ ಭಾವಿಸಿರುವುದೇ ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ಅಧ್ಯಯನದ ಮಟ್ಟಿಗೆ ಅದು ಡಬ್ಬಿಯಲ್ಲ, ವೇಳಾಪಟ್ಟಿ.

ನನಗೆ ಪರಿಚಿತವಾದ ಕ್ಷೇತ್ರದಿಂದಲೇ ಉದಾಹರಣೆ ಕೊಡುವುದು ಲೇಸು. 1928ರಲ್ಲಿ ಸ್ಥಾಪಿತವಾದ, ಮುಂಬಯಿಯಲ್ಲೇ ಕೇಂದ್ರ ಕಚೇರಿ ಹೊಂದಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್ ನಡೆಸುವ ಜೆಎಐಐಬಿ ಪರೀಕ್ಷೆಯನ್ನು ಬ್ಯಾಂಕು ಸೇರಿದ ತರುಣ ತರುಣಿಯರು ಬರೆಯುತ್ತಾರೆ. 2023ರಿಂದ ಇದರಲ್ಲಿ ನಾಲ್ಕು ಪತ್ರಿಕೆಗಳು: ಭಾರತದ ಆರ್ಥಿಕತೆ ಮತ್ತು ಹಣಕಾಸು ವ್ಯವಸ್ಥೆ, ಬ್ಯಾಂಕಿಂಗ್ ತತ್ವ ಮತ್ತು ಆಚರಣೆ, ಲೆಕ್ಕಶಾಸ್ತ್ರ ಮತ್ತು ಹಣಕಾಸು ನಿರ್ವಹಣೆ, ಚಿಲ್ಲರೆ ಬ್ಯಾಂಕಿಂಗ್ ಮತ್ತು ಸಂಪತ್ತು ನಿರ್ವಹಣೆ. ಪ್ರತಿಯೊಂದಕ್ಕೂ 100 ಅಂಕ, ಎರಡು ಗಂಟೆಯ ಅವಧಿ. ತೇರ್ಗಡೆಗೆ ತಲಾ 50 ಅಂಕ ಬೇಕು. ಬೆಳಗಿನಿಂದ ಸಂಜೆಯವರೆಗೆ ಕೌಂಟರಿನಲ್ಲಿ ಕುಳಿತವರಿಗೆ ಇದು ಹಗುರವಾದ ಹೊರೆಯಲ್ಲ.

ಮೊದಲ ಕೆಲಸ ಕತ್ತರಿಸುವುದು. ಒಂದು ಗಂಟೆಯ ಉಪನ್ಯಾಸವನ್ನು ಇಡಿಯಾಗಿ ಕೇಳುವುದು ರೈಲಿನಲ್ಲಿ ಆಗದ ಮಾತು. ದಾದರಿನಲ್ಲಿ ಜನ ನುಗ್ಗಿದಾಗ ಗಮನ ತಪ್ಪುತ್ತದೆ; ಎಲ್ಲಿ ತಪ್ಪಿತೆಂದು ಹುಡುಕುವಷ್ಟರಲ್ಲಿ ಇಳಿಯುವ ನಿಲ್ದಾಣ ಬಂದಿರುತ್ತದೆ. ಆದ್ದರಿಂದ ಉಪನ್ಯಾಸವನ್ನು ಎಂಟು ಹತ್ತು ನಿಮಿಷಗಳ ತುಣುಕುಗಳಾಗಿ ವಿಂಗಡಿಸಬೇಕು. ಗಡಿಯಾರ ನೋಡಿ ಕತ್ತರಿಸದೆ, ವಿಷಯ ಮುಗಿಯುವಲ್ಲಿ ಕತ್ತರಿಸಬೇಕು. ಒಂದು ತುಣುಕು ಒಂದೇ ಪ್ರಶ್ನೆಗೆ ಉತ್ತರವಾಗಿರಲಿ: ಬ್ಯಾಂಕಿಗೂ ಗ್ರಾಹಕನಿಗೂ ಇರುವ ಸಂಬಂಧ ಎಂಥದು? ಠೇವಣಿಯ ಸಂದರ್ಭದಲ್ಲಿ ಸಾಲಿಗ ಯಾರು? ಹೀಗೆ. 2000ದಿಂದಲೂ ಉಚಿತವಾಗಿ ದೊರೆಯುತ್ತಿರುವ ಆಡಾಸಿಟಿ ಎಂಬ ತಂತ್ರಾಂಶ ಈ ಕೆಲಸಕ್ಕೆ ಸಾಕು. ಉಪನ್ಯಾಸಕರು ಫಲಕದ ಮೇಲೆ ಬರೆಯುವಾಗ ಉಂಟಾಗುವ ದೀರ್ಘ ಮೌನಗಳನ್ನು ತಾನಾಗಿಯೇ ಕುಗ್ಗಿಸುವ ಸೌಲಭ್ಯವೂ ಅದರಲ್ಲಿದೆ. ಭಾನುವಾರದ ಒಂದು ಮಧ್ಯಾಹ್ನ ವಾರಕ್ಕಾಗುವಷ್ಟು ತುಣುಕುಗಳನ್ನು ಸಿದ್ಧಪಡಿಸಬಹುದು. ಕತ್ತರಿಸುವ ಕೆಲಸವನ್ನು ಬೇರೆಯವರಿಗೆ ವಹಿಸಬಾರದು. ಎಲ್ಲಿ ಒಂದು ವಿಷಯ ಮುಗಿದು ಇನ್ನೊಂದು ಆರಂಭವಾಯಿತೆಂದು ಗುರುತಿಸುವುದೇ ಅಧ್ಯಯನದ ಅರ್ಧ ಭಾಗ.

ಹೆಸರಿಡುವುದು ಸಣ್ಣ ಸಂಗತಿ, ಆದರೆ ಇಲ್ಲಿ ಎಡವುವವರೇ ಹೆಚ್ಚು. ಕಡತಗಳಿಗೆ 1, 2, 3 ಎಂದು ಹೆಸರಿಟ್ಟರೆ ಎಷ್ಟೋ ಸಾಧನಗಳು ಅವುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ 1ರ ನಂತರ 10ನ್ನು ನುಡಿಸುತ್ತವೆ. 01, 02 ಎಂದು ಆರಂಭಿಸಿದರೆ ಈ ತೊಡಕಿಲ್ಲ. ಪತ್ರಿಕೆಯ ಸಂಕ್ಷಿಪ್ತ ಹೆಸರು, ಅಧ್ಯಾಯದ ಸಂಖ್ಯೆ, ತುಣುಕಿನ ಸಂಖ್ಯೆ, ಧ್ವನಿಮುದ್ರಣದ ವರ್ಷ, ಇಷ್ಟು ಹೆಸರಿನಲ್ಲಿದ್ದರೆ ಸಾಕು. ಎಂಪಿ3 ಕಡತದೊಳಗೇ ಶೀರ್ಷಿಕೆ, ಆಲ್ಬಮ್, ಕ್ರಮಸಂಖ್ಯೆ ಬರೆಯುವ ಅಂಕಣಗಳಿರುತ್ತವೆ. ಆಲ್ಬಮ್ ಎಂಬಲ್ಲಿ ಪತ್ರಿಕೆಯ ಹೆಸರನ್ನು ತುಂಬಬಹುದು. ಧ್ವನಿಪಟ್ಟಿ ಎಂಬುದು ಯಾವ ಕಡತದ ನಂತರ ಯಾವುದನ್ನು ನುಡಿಸಬೇಕೆಂದು ಹೇಳುವ ಬರಿಯ ಪಠ್ಯ. ಎಂ3ಯು ಎಂಬ ಹೆಸರಿನ ಪಟ್ಟಿಯನ್ನು ಸಾಮಾನ್ಯ ನೋಟ್‌ಪ್ಯಾಡಿನಲ್ಲಿಯೇ ತೆರೆದು ತಿದ್ದಬಹುದು. ಹೀಗಾಗಿ ಒಂದೇ ತುಣುಕು ಪ್ರತಿ ಮಾಡದೆಯೇ ಮೂರು ಪಟ್ಟಿಗಳಲ್ಲಿ ಇರಬಲ್ಲದು. ಜಾಗದ ಚಿಂತೆಯೂ ಬೇಡ. ಮಾತಿಗೆ ಸೆಕೆಂಡಿಗೆ 64 ಕಿಲೋಬಿಟ್ ಧಾರಾಳ. ಆ ಲೆಕ್ಕದಲ್ಲಿ ಒಂದು ಗಂಟೆಯ ಉಪನ್ಯಾಸ ಸುಮಾರು 29 ಮೆಗಾಬೈಟ್ ಆಗುತ್ತದೆ. ನೂರು ಗಂಟೆ ಸೇರಿಸಿದರೂ ಮೂರು ಗಿಗಾಬೈಟ್ ದಾಟುವುದಿಲ್ಲ. ರೈಲಿನಲ್ಲಿ ಸಂಪರ್ಕ ಕಡಿಯುವುದು ಸಾಮಾನ್ಯವಾದ್ದರಿಂದ ಎಲ್ಲವನ್ನೂ ಮೊದಲೇ ಮೊಬೈಲಿಗೆ ಇಳಿಸಿಕೊಂಡಿರಬೇಕು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಕೇಳಿದ್ದು ನೆನಪಿನಲ್ಲಿ ಉಳಿಯುವುದು ಹೇಗೆ? ನಮ್ಮ ಪರಂಪರೆ ಶ್ರವಣ, ಮನನ, ನಿದಿಧ್ಯಾಸನ ಎಂದು ಮೂರು ಮೆಟ್ಟಿಲುಗಳನ್ನು ಹೇಳಿತು. ಕೇಳುವುದು ಮೊದಲನೆಯದು ಮಾತ್ರ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಕಲಿತದ್ದರಲ್ಲಿ ಬಹುಭಾಗ ಮೊದಲ ಒಂದೆರಡು ದಿನಗಳಲ್ಲೇ ಮರೆಯಾಗುತ್ತದೆ ಎಂಬುದನ್ನು 1885ರಲ್ಲಿ ಪ್ರಕಟಿಸಿದ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು 2006ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪಾಠವನ್ನು ಮುಚ್ಚಿಟ್ಟು ನೆನಪಿನಿಂದ ಬರೆದವರು ಒಂದು ವಾರದ ನಂತರ ಅವರನ್ನು ಹಿಂದೆ ಹಾಕಿದರು. ಮತ್ತೆ ಮತ್ತೆ ಕೇಳುವುದಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆಂದು ನಾನು ತಿಳಿಯುತ್ತೇನೆ. ಐದನೆಯ ಸಲ ಕೇಳುವಾಗ ಎಲ್ಲವೂ ಗೊತ್ತೆನಿಸುತ್ತದೆ. ಉಪನ್ಯಾಸಕರ ಮುಂದಿನ ವಾಕ್ಯವೂ ಗೊತ್ತಿರುತ್ತದೆ! ಆದರೆ ಗೊತ್ತೆನಿಸುವುದು ಪರಿಚಯವೇ ಹೊರತು ಜ್ಞಾನವಲ್ಲ.

ಹೀಗಾಗಿ ಪಟ್ಟಿಯಲ್ಲಿ ಉಪನ್ಯಾಸದ ಪ್ರತಿ ತುಣುಕಿನ ಹಿಂದೆಯೇ ತಮ್ಮದೇ ಧ್ವನಿಯಲ್ಲಿ ಮುದ್ರಿಸಿದ ಪ್ರಶ್ನೆಗಳ ಕಿರು ತುಣುಕೊಂದು ಇರಬೇಕು: ಪ್ರಶ್ನೆ, ಹತ್ತು ಸೆಕೆಂಡುಗಳ ಮೌನ, ಅನಂತರ ಉತ್ತರ. ‘ಚೆಕ್ಕು ಹಿಂದಿರುಗಿದ ಸುದ್ದಿ ಬ್ಯಾಂಕಿನಿಂದ ತಲುಪಿದ ಮೇಲೆ ಎಷ್ಟು ದಿನಗಳೊಳಗೆ ನೋಟೀಸು ಕೊಡಬೇಕು?’ ಮೌನ. ‘30 ದಿನ.’ ‘ನೋಟೀಸು ತಲುಪಿದವನಿಗೆ ಹಣ ಪಾವತಿಸಲು ಎಷ್ಟು ಕಾಲಾವಕಾಶ?’ ಮೌನ. ‘15 ದಿನ.’ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮನ್ನು ಹೀಗೆ ನಾಲ್ಕು ದಿನ ಕೇಳಿ ಉತ್ತರಿಸಿದವರಿಗೆ ಅದು ಮಗ್ಗಿಯಂತೆ ನಾಲಿಗೆಯ ತುದಿಯಲ್ಲಿರುತ್ತದೆ. ಆ ಹತ್ತು ಸೆಕೆಂಡುಗಳ ಮೌನವೇ ಇಡೀ ಪಟ್ಟಿಯ ಜೀವಾಳ. ಪರೀಕ್ಷೆಯ ಮಾಧ್ಯಮ ಇಂಗ್ಲಿಷ್ ಅಥವಾ ಹಿಂದಿಯಾದರೂ ವಿವರಣೆಯನ್ನು ಮನೆಮಾತಿನಲ್ಲೇ ಮುದ್ರಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಲಾಕರು ಪಡೆದ ಗ್ರಾಹಕನೊಡನೆ ಬ್ಯಾಂಕಿನ ಸಂಬಂಧ ಮನೆ ಬಾಡಿಗೆಗೆ ಕೊಟ್ಟವನದು ಎಂದು ಕನ್ನಡದಲ್ಲಿ ಹೇಳಿ, ಅನಂತರ ಲೆಸ್ಸರ್, ಲೆಸ್ಸೀ ಎಂಬ ಪಾರಿಭಾಷಿಕ ಪದಗಳನ್ನು ಉಚ್ಚರಿಸಿದರೆ ಅರ್ಥವೂ ಪದವೂ ಒಟ್ಟಿಗೆ ನಿಲ್ಲುತ್ತವೆ.

ಪಟ್ಟಿಗಳು ಮೂರಿದ್ದರೆ ಸಾಕು: ಇಂದಿನದು, ನಾಳೆಯದು, ವಾರದ್ದು. ಹೊಸ ತುಣುಕು ಇಂದಿನ ಪಟ್ಟಿಯಲ್ಲಿ ಸೇರುತ್ತದೆ. ಅದರ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದರೆ ನಾಳೆಯ ಪಟ್ಟಿಗೆ, ಅಲ್ಲಿಯೂ ಉತ್ತರಿಸಿದರೆ ವಾರದ ಪಟ್ಟಿಗೆ ಸಾಗಬೇಕು. ತಪ್ಪಿದರೆ ಮತ್ತೆ ಮೊದಲಿನ ಪಟ್ಟಿಗೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕ ಚೀಟಿಗಳನ್ನು ಪೆಟ್ಟಿಗೆಯ ಮನೆಯಿಂದ ಮನೆಗೆ ದಾಟಿಸುವ ಕ್ರಮವೊಂದನ್ನು ಜನಪ್ರಿಯಗೊಳಿಸಿದ್ದ. ಇದು ಅದರದೇ ಧ್ವನಿರೂಪ. ಬೆಳಗಿನ ಪ್ರಯಾಣಕ್ಕೆ ಹೊಸದು, ದಣಿದ ಸಂಜೆಗೆ ಹಳೆಯದು ಎಂಬ ಹಂಚಿಕೆ ಹೆಚ್ಚಿನವರಿಗೆ ಹಿಡಿಸುತ್ತದೆ.

ಧ್ವನಿಮುದ್ರಿಕೆಯ ಒಂದು ದೋಷವನ್ನು ಇಲ್ಲಿ ಹೇಳಲೇಬೇಕು. ಹಳೆಯ ಪುಸ್ತಕದ ಕಾಗದ ಹಳದಿಯಾಗಿ ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ಹಳೆಯ ಧ್ವನಿ ಅಷ್ಟೇ ಗಟ್ಟಿಯಾಗಿ, ಅಷ್ಟೇ ನಂಬುಗೆಯಿಂದ ತಪ್ಪನ್ನು ನುಡಿಯುತ್ತದೆ. ಬ್ಯಾಂಕಿನಲ್ಲಿ ಠೇವಣಿಗಿರುವ ವಿಮೆಯ ಮಿತಿ 2020ರ ಫೆಬ್ರವರಿ 4ರಂದು ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿಗೆ ಏರಿತು. ಅದಕ್ಕೂ ಹಿಂದಿನ ಉಪನ್ಯಾಸಗಳು ಇಂದಿಗೂ ಒಂದು ಲಕ್ಷವೆಂದೇ ಹೇಳುತ್ತವೆ. ಚೆಕ್ಕಿನ ಚಾಲ್ತಿಯ ಅವಧಿ 2012ರ ಏಪ್ರಿಲ್ 1ರಿಂದ ಆರು ತಿಂಗಳ ಬದಲು ಮೂರು ತಿಂಗಳಾಯಿತು. ಜೆಎಐಐಬಿಯಲ್ಲಿ 2023ಕ್ಕೆ ಮೊದಲು ಇದ್ದ ಪತ್ರಿಕೆಗಳು ಮೂರೇ. ಹೆಸರಿನಲ್ಲಿ ವರ್ಷ ಬರೆಯಬೇಕೆಂದು ಮೇಲೆ ಹೇಳಿದ್ದು ಇದೇ ಕಾರಣಕ್ಕೆ. ನಿಯಮ ಬದಲಾದಾಗ ಇಡೀ ಉಪನ್ಯಾಸವನ್ನು ಎಸೆಯಬೇಕಾಗಿಲ್ಲ. ಆ ಒಂದು ತುಣುಕನ್ನು ತೆಗೆದು ಹೊಸದನ್ನು ಸೇರಿಸಿದರಾಯಿತು. ಚಿಕ್ಕದಾಗಿ ಕತ್ತರಿಸಿದ್ದರ ಲಾಭ ಇಲ್ಲಿಯೂ ಕಾಣುತ್ತದೆ.

ಎಲ್ಲ ವಿಷಯಗಳೂ ಕಿವಿಗೆ ಒಗ್ಗುವುದಿಲ್ಲ. ಲೆಕ್ಕಶಾಸ್ತ್ರದ ಪತ್ರಿಕೆಯ ಸವಕಳಿ, ಬಾಂಡಿನ ಪ್ರತಿಫಲ, ಜಮಾಖರ್ಚಿನ ತಃಖ್ತೆ ಇವುಗಳಿಗೆ ಕಾಗದ, ಲೇಖನಿ ಬೇಕೇ ಬೇಕು. ಅಲ್ಲಿ ವ್ಯಾಖ್ಯೆಗಳನ್ನು ಮಾತ್ರ ಪಟ್ಟಿಗೆ ಸೇರಿಸಿ, ಲೆಕ್ಕಗಳನ್ನು ರಜಾದಿನಕ್ಕೆ ಇಟ್ಟುಕೊಳ್ಳುವುದು ಒಳಿತು. ಕಾನೂನು, ಗ್ರಾಹಕ ಸಂಬಂಧ, ವಸೂಲಾಗದ ಸಾಲದ 90 ದಿನಗಳ ನಿಯಮ, ಕೆವೈಸಿ ನವೀಕರಣದ ಅವಧಿಗಳು ಮುಂತಾದವು ಕೇಳ್ಮೆಗೆ ಹೇಳಿ ಮಾಡಿಸಿದಂತಿವೆ. ವೇಗದ ಬಗ್ಗೆ ತರುಣರಲ್ಲಿ ಬಹಳ ಉತ್ಸಾಹ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುದ್ರಿತ ಉಪನ್ಯಾಸವನ್ನು ಎರಡು ಪಟ್ಟು ವೇಗದವರೆಗೆ ನೋಡಿದರೂ ಗ್ರಹಿಕೆಗೆ ಹೆಚ್ಚಿನ ನಷ್ಟವಾಗದು. ಆದರೆ ಅದು ರೈಲಿನ ಸದ್ದಿನ ನಡುವೆ ನಡೆದ ಪ್ರಯೋಗವಲ್ಲ. ಹೊಸ ಪಾಠಕ್ಕೆ ಸಹಜ ವೇಗ, ಪುನರಾವರ್ತನೆಗೆ ಒಂದೂವರೆ ಪಟ್ಟು ಎಂದಿಟ್ಟುಕೊಂಡರೆ ಸಾಕೆಂದು ತೋರುತ್ತದೆ.

ತರಗತಿಯ ಉಪನ್ಯಾಸವನ್ನು ಮುದ್ರಿಸುವ ಮುನ್ನ ಅಧ್ಯಾಪಕರ ಅನುಮತಿ ಕೇಳುವುದು ಸೌಜನ್ಯ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಸ್ವಂತ ಅಧ್ಯಯನಕ್ಕೆ ನ್ಯಾಯಯುತ ಬಳಕೆಯನ್ನು ಒಪ್ಪುತ್ತದೆ. ಹಣ ಕೊಟ್ಟು ಪಡೆದ ಉಪನ್ಯಾಸಗಳನ್ನು ವಾಟ್ಸ್‌ಆಪ್ ಗುಂಪುಗಳಲ್ಲಿ ಹಂಚುವುದು ಬೇರೆಯೇ ಮಾತು. ದೃಷ್ಟಿದೋಷವುಳ್ಳ ಅಭ್ಯರ್ಥಿಗಳಿಗೆ 2016ರ ಆಗಸ್ಟ್‌ನಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಅಂತರ್ಜಾಲ ಗ್ರಂಥಾಲಯವಿದೆ. ಮನೆಯಲ್ಲಿ ಅಂಥವರಿದ್ದರೆ ಮೌನಸಹಿತವಾದ ಪ್ರಶ್ನೆಗಳ ಪಟ್ಟಿಯನ್ನು ಹಿರಿಯರೇ ಓದಿ ಮುದ್ರಿಸಿಕೊಡಬಹುದು. ನಿವೃತ್ತ ಬ್ಯಾಂಕು ನೌಕರರಿಗೆ ಇದಕ್ಕಿಂತ ಸೊಗಸಾದ ಕೆಲಸ ಇನ್ನೊಂದಿರಲಾರದು.

ಕಡೆಯದಾಗಿ, ಎಳೆಯರಿಗೆ ಮನೆಯವರು ಹೇಳಬೇಕಾದ ಒಂದು ಮಾತಿದೆ. ಇಯರ್‌ಫೋನು ಡಬ್ಬಿಯೊಳಗೆ ಕುಳಿತಾಗ ಅಥವಾ ಭದ್ರವಾಗಿ ನಿಂತಾಗ ಮಾತ್ರ ಕಿವಿಯಲ್ಲಿರಲಿ. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ, ಬಾಗಿಲ ಬಳಿ, ರಸ್ತೆ ದಾಟುವಾಗ ಪಟ್ಟಿಯನ್ನು ನಿಲ್ಲಿಸಿ ಅದನ್ನು ಜೇಬಿಗಿಳಿಸಬೇಕು. ತುಣುಕು ಹತ್ತೇ ನಿಮಿಷದ್ದಾದ್ದರಿಂದ ಮತ್ತೆ ಮೊದಲಿನಿಂದ ಕೇಳಿದರೂ ನಷ್ಟವೇನಿಲ್ಲ.